ಗಟ್ಟಿ ಕಟ್ಟುವುದು, ಗಟ್ಟಿ ಒಡೆಯುವುದು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಈಗ ಅವನೂ ಉಪಾಧ್ಯಾಯ. ಚನ್ನಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಾನೆ. ದಸರೆಯ ರಜೆಗೆ ಮುನ್ನ ಮಕ್ಕಳಿಗೆ ಚೌಕಾಬಾರದ ಪಂದ್ಯವೊಂದನ್ನು ಏರ್ಪಡಿಸುವ ಉತ್ಸಾಹ ಅವನಿಗೆ ಬಂದಿದೆ; ಅದಕ್ಕಾಗಿ ಒಂದು ಹಾಳೆಯಲ್ಲಿ ನಿಯಮಗಳನ್ನೆಲ್ಲ ಬರೆದಿಟ್ಟಿದ್ದಾನೆ. ಎಲ್ಲವನ್ನೂ ಓದಿ ಹೇಳಿದ ಮೇಲೆ, "ಗಟ್ಟಿಯ ನಿಯಮವೊಂದನ್ನು ಮಾತ್ರ ಕೈಬಿಟ್ಟಿದ್ದೇನೆ ಸಾರ್. ಒಂದೊಂದು ಮನೆಯ ಮಗು ಒಂದೊಂದು ರೀತಿ ಹೇಳುತ್ತದೆ. ಸುಮ್ಮನೆ ಜಗಳ" ಎಂದ. "ಬೇಡ, ಅದನ್ನು ಬಿಡಬೇಡ" ಎಂದು ನಾನು ಥಟ್ಟನೆ ಹೇಳಿದೆನಾದರೂ ಕಾರಣವನ್ನು ಫೋನಿನಲ್ಲಿ ಸರಿಯಾಗಿ ವಿವರಿಸಲಾಗಲಿಲ್ಲ. ಆ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ಊರು ಬಿಟ್ಟು ದೂರ ಹೋಗಿರುವ ನಮ್ಮ ಬಂಧುಗಳ ಮಕ್ಕಳಿಗೆ ಈ ಆಟವೇ ಮರೆತುಹೋಗಿರಬಹುದು. ಆದ್ದರಿಂದ ಎರಡು ಮಾತು. ಚೌಕಾಬಾರವನ್ನು ಕೆಲವರು ಕಟ್ಟೆಮನೆ ಎಂದೂ ಕರೆಯುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು. ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಎಸೆದು, ಬಾಯಿ ಮೇಲಾಗಿ ಬಿದ್ದಷ್ಟು ಎಣಿಕೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಎಸೆಯುವ ಅವಕಾಶವುಂಟು. ಕವಡೆ ಇಲ್ಲದವರು ಹುಣಸೆ ಬೀಜವನ್ನು ಒಂದು ಮೈ ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯ್ದು ಆಡುತ್ತಿದ್ದರು. (ಆ ತೇಯ್ದ ಬೀಜ ಬಿಸಿಯಾದಾಗ ಪಕ್ಕದವನ ತೊಡೆಗೆ ಒತ್ತಿದ ಮಹನೀಯರು ಇದನ್ನು ಓದುತ್ತಿದ್ದರೆ ಮನಸ್ಸಿನಲ್ಲಿಯೇ ನಗಲಿ.) ಕಾಯಿ ಹೊರಸುತ್ತಿನ ಹದಿನಾರು ಮನೆಗಳನ್ನು ಒಂದು ದಿಕ್ಕಿನಲ್ಲಿ ದಾಟಿ, ಒಳಸುತ್ತಿನ ಎಂಟು ಮನೆಗಳನ್ನು ಎದುರು ದಿಕ್ಕಿನಲ್ಲಿ ಬಳಸಿ, ಮಧ್ಯದ ಮನೆಯನ್ನು ಸೇರಿದರೆ ಹಣ್ಣಾಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ.

ಈಗ ಗಟ್ಟಿಯ ವಿಷಯ. ಒಳಸುತ್ತಿನ ಎಂಟು ಮನೆಗಳಲ್ಲಿ ಒಂದಕ್ಕೂ ಅಡ್ಡಗೀಟಿಲ್ಲ ಎಂಬುದನ್ನು ಗಮನಿಸಬೇಕು. ಹೊರಸುತ್ತಿನಲ್ಲಿ ನಾಲ್ಕು ಮನೆಗೊಮ್ಮೆ ಕಟ್ಟೆಯುಂಟು, ಓಡಿ ಹೋಗಿ ಕೂರಬಹುದು. ಒಳಗೆ ಬಂದವನಿಗೆ ಆಸರೆಯೇ ಇಲ್ಲ. ಅಲ್ಲಿ ನಮ್ಮ ಹಿರಿಯರು ಇಟ್ಟ ಆಸರೆಯೇ ಗಟ್ಟಿ. ಒಬ್ಬನ ಎರಡು ಕಾಯಿಗಳು ಒಂದೇ ಮನೆಯಲ್ಲಿ ಸೇರಿದರೆ ಅವು ಒಂದಾಗಿ ಗಟ್ಟಿಯಾಗುತ್ತವೆ. ಒಂಟಿಕಾಯಿ ಗಟ್ಟಿಯನ್ನು ಹೊಡೆಯಲಾರದು. ಗಟ್ಟಿಯನ್ನು ಗಟ್ಟಿಯೇ ಹೊಡೆಯಬೇಕು. ಆದರೆ ಈ ಬಲ ಪುಕ್ಕಟೆ ಸಿಗುವುದಿಲ್ಲ. ಗಟ್ಟಿ ನಡೆಯಬೇಕಾದರೆ ಸಮಸಂಖ್ಯೆಯ ಗರವೇ ಬೀಳಬೇಕು, ಅದರಲ್ಲಿಯೂ ಅರ್ಧ ಮಾತ್ರ ನಡೆ: ಎರಡು ಬಿದ್ದರೆ ಒಂದು ಮನೆ, ನಾಲ್ಕಕ್ಕೆ ಎರಡು, ಎಂಟಕ್ಕೆ ನಾಲ್ಕು. ಒಂದು, ಮೂರು ಬಿದ್ದರೆ ಗಟ್ಟಿ ಅಲುಗುವುದಿಲ್ಲ.

ಈ ಬೆಲೆ ಎಷ್ಟೆಂಬುದನ್ನು ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ಗಣಿತದ ಮೇಷ್ಟರ ಚಪಲ, ಕ್ಷಮಿಸಿ. ಕವಡೆ ಎರಡು ಕಡೆಗೂ ಸಮಸಮವಾಗಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ನಿಜವಾದ ಕವಡೆ ಹಾಗೆ ಬೀಳದು, ಆದರೂ ಅಂದಾಜಿಗೆ ಸಾಕು. ನಾಲ್ಕು ಕವಡೆಗೆ ಹದಿನಾರು ಬಗೆಯ ಬೀಳುವಿಕೆ. ಅದರಲ್ಲಿ ಎರಡು ಬೀಳುವುದು ಆರು ಬಗೆ, ಒಂದು ನಾಲ್ಕು ಬಗೆ, ಮೂರು ನಾಲ್ಕು ಬಗೆ, ಚೌಕ ಒಂದು, ಬಾರ ಒಂದು. ಅಂದರೆ ಗಟ್ಟಿಗೆ ಉಪಯೋಗಕ್ಕೆ ಬರುವುದು ಹದಿನಾರರಲ್ಲಿ ಎಂಟು ಮಾತ್ರ, ಸರಿಯಾಗಿ ಅರ್ಧ. ಒಂಟಿಕಾಯಿ ಒಂದು ಎಸೆತಕ್ಕೆ ಸರಾಸರಿ 2.5 ಮನೆ ನಡೆದರೆ ಗಟ್ಟಿ ನಡೆಯುವುದು 0.75 ಮನೆ. ಒಳಸುತ್ತಿನ ಮೊದಲ ಮನೆಯಲ್ಲಿಯೇ ಗಟ್ಟಿ ಕಟ್ಟಿದವನು ಮಧ್ಯದ ಮನೆ ಮುಟ್ಟಲು ಸುಮಾರು ಹತ್ತು ಹನ್ನೊಂದು ಎಸೆತ ಬೇಕು. ಒಂಟಿಯಾಗಿ ಹೋದವನು ಮೂರು ನಾಲ್ಕು ಎಸೆತದಲ್ಲಿ ಮಧ್ಯದ ಮನೆಯ ಬಾಗಿಲಿಗೆ ಬಂದಿರುತ್ತಾನೆ, ಯಾರೂ ಹೊಡೆಯದೆ ಬಿಟ್ಟರೆ. ಅಕ್ಷರ ಬಾರದ ನಮ್ಮ ಅಜ್ಜಿಗೆ ಈ ದಶಮಾಂಶ ತಿಳಿದಿರಲಿಲ್ಲ. ಆದರೆ ಯಾವಾಗ ಗಟ್ಟಿ ಕಟ್ಟಬೇಕು, ಯಾವಾಗ ಕಟ್ಟದೆ ಓಡಬೇಕು ಎಂಬುದರಲ್ಲಿ ಆಕೆ ತಪ್ಪಿದ್ದನ್ನು ನಾನು ಕಂಡಿಲ್ಲ. ಉಳಿದ ಎರಡು ಕಾಯಿಗಳು ಹೊರಗಿದ್ದರೆ ಒಂದು ಮೂರುಗಳನ್ನು ಅವಕ್ಕೆ ಆಡಿ, ಎರಡನ್ನು ಗಟ್ಟಿಗೆ ಆಡಬಹುದು, ಏನೂ ವ್ಯರ್ಥವಾಗದು. ಉಳಿದೆರಡೂ ಹಣ್ಣಾಗಿ, ಗಟ್ಟಿಯೊಂದೇ ಉಳಿದರೆ ಅರ್ಧಕ್ಕರ್ಧ ಎಸೆತ ನೀರಿಗೆ ಹೋದಂತೆ. ಹೀಗೆ ಒಂದೇ ಗಟ್ಟಿ ಆಟದ ನಡುವೆ ಕೋಟೆಯಾಗಿದ್ದು ಆಟದ ಕೊನೆಗೆ ಕಾಲಿನ ಸಂಕೋಲೆಯಾಗುತ್ತದೆ.

ಇಲ್ಲಿಯೇ ಮನೆ ಮನೆಗೂ ಭೇದ ಹುಟ್ಟುವುದು. ಕಟ್ಟಿದ ಗಟ್ಟಿಯನ್ನು ಒಡೆಯಬಹುದೇ?

ನಮ್ಮ ತಂದೆಯ ಊರು ಮಾಗಡಿ ತಾಲ್ಲೂಕಿನದು. ಆ ಮನೆಯಲ್ಲಿ ಗಟ್ಟಿಯೆಂದರೆ ಗಟ್ಟಿ, ಒಮ್ಮೆ ಕಟ್ಟಿದರೆ ಹಣ್ಣಾಗುವವರೆಗೂ ಬಿಡಿಸುವಂತಿಲ್ಲ. "ಕೂಡಿದ್ಮೇಲೆ ಬುಡೋ ಹಂಗಿಲ್ಲ" ಎಂದು ಅಜ್ಜಿ ಹೇಳುವಾಗ ಅದು ಆಟದ ಮಾತೋ ಮದುವೆಯ ಮಾತೋ ಎಂದು ತಿಳಿಯುತ್ತಿರಲಿಲ್ಲ. ಗಟ್ಟಿಯನ್ನು ಒಂಟಿಕಾಯಿ ದಾಟಿ ಹೋಗುವುದಕ್ಕೂ ಅಲ್ಲಿ ಅನುಮತಿಯಿರಲಿಲ್ಲ. ನಮ್ಮ ತಾಯಿಯ ತವರು ಚನ್ನಪಟ್ಟಣ. ಅಲ್ಲಿ ನಮ್ಮ ಸೋದರಮಾವಂದಿರು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಏರಿಸಿದ ಕಾಯಿಗಳಲ್ಲಿ ಆಡುತ್ತಿದ್ದರು. (ಮಾಗಡಿಯಲ್ಲಿ ನಮಗೆ ಬಳೆಚೂರೂ ಹೊಂಗೆ ಬೀಜವೂ ಗತಿ.) ಅವರ ಪದ್ಧತಿಯಲ್ಲಿ ಒಂದೋ ಮೂರೋ ಬಿದ್ದಾಗ ಗಟ್ಟಿಯನ್ನು ಒಡೆದು ಒಂದು ಕಾಯಿಯನ್ನು ಮುಂದೆ ನಡೆಸಬಹುದಾಗಿತ್ತು, ಹಿಂದೆ ಉಳಿದ ಕಾಯಿ ಒಂಟಿಯಾಗಿ ಯಾರ ಕೈಗಾದರೂ ಸಿಗುತ್ತಿತ್ತು. ಒಂಟಿಕಾಯಿ ಗಟ್ಟಿಯನ್ನು ಹೊಡೆಯಲಾರದಾದರೂ ದಾಟಬಹುದಿತ್ತು. ರಜೆಗೆ ಹೋದಾಗ ನಾನು ಈ ಎರಡು ಸಂವಿಧಾನಗಳ ನಡುವೆ ಓಡಾಡುತ್ತಿದ್ದ ಪ್ರಜೆ. ತಾಯಿ ಮಾಗಡಿಯಲ್ಲಿ ಮಾಗಡಿಯಂತೆ ಆಡುತ್ತಿದ್ದರು, ತವರಿನಲ್ಲಿ ತವರಿನಂತೆ. ಒಮ್ಮೆಯೂ ಅತ್ತೆಯ ಎದುರು "ನಮ್ಮಲ್ಲಿ ಹೀಗಿಲ್ಲ" ಎಂದವರಲ್ಲ.

ಈಗ ಹೇಳಲೇಬೇಕಾದ, ಹೇಳಲು ನನಗೆ ಇಷ್ಟವಿಲ್ಲದ ಒಂದು ಸಂಗತಿ ಇದೆ.

1976ರ ಮಳೆಗಾಲ. ಕನಕಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಆಗಿನ್ನೂ ಹೊಸ ಮೇಷ್ಟರು ನಾನು. ಹೊರಗೆ ಮಳೆ ಹಿಡಿದ ದಿನ ಆಟದ ಪೀರಿಯಡಿನಲ್ಲಿ ಹುಡುಗರು ಜಗಲಿಯ ಮೇಲೆ ಮನೆ ಬರೆದು ಚೌಕಾಬಾರಕ್ಕೆ ಕೂರುತ್ತಿದ್ದರು. ಅದರಲ್ಲೊಬ್ಬ ಹುಡುಗ ಚನ್ನಪಟ್ಟಣದ ಕಡೆಯವನು; ಸೋದರಮಾವನ ಮನೆಯಲ್ಲಿದ್ದುಕೊಂಡು ಓದಲು ಆ ವರ್ಷ ಬಂದಿದ್ದ. ಮಾತು ಕಡಿಮೆ. ಎದುರಾಳಿ ಊರಿನ ಹುಡುಗ. ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಮಗ. ಆಟ ಕೊನೆಗೆ ಬಂದಿತ್ತು. ಹೊರಗಿನಿಂದ ಬಂದ ಹುಡುಗನ ಎರಡು ಕಾಯಿ ಹಣ್ಣಾಗಿ, ಉಳಿದೆರಡು ಗಟ್ಟಿಯಾಗಿ, ಮಧ್ಯದ ಮನೆಗೆ ಮೂರೇ ಮನೆ ದೂರದಲ್ಲಿದ್ದವು. ಅವನ ಬೆನ್ನಿಗೆ ಎರಡು ಮನೆ ಹಿಂದೆ ಊರ ಹುಡುಗನ ಗಟ್ಟಿ. ಅವನಿಗೆ ಮೂರು ಬಿತ್ತು. ಗಟ್ಟಿ ಒಡೆದು ಒಂದು ಕಾಯಿಯನ್ನು ನೇರವಾಗಿ ಹಣ್ಣಿಗೆ ಒಯ್ದ. "ಒಡೆಯಂಗಿಲ್ಲ" ಎಂದು ಊರ ಹುಡುಗರೆಲ್ಲ ಗದ್ದಲವೆಬ್ಬಿಸಿದರು. ತೀರ್ಪಿಗೆ ನನ್ನ ಬಳಿ ಬಂದರು.

ನಾನು ಎರಡು ಪದ್ಧತಿಯನ್ನೂ ಬಲ್ಲವನು. ಆ ಜಗಲಿಯಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು, ಆ ಹುಡುಗ ಮೋಸ ಮಾಡುತ್ತಿಲ್ಲ, ತನ್ನ ಮನೆಯ ನಿಯಮದಂತೆ ಆಡುತ್ತಿದ್ದಾನೆ ಎಂದು. ಆದರೂ "ಒಡೆಯುವಂತಿಲ್ಲ, ಕಾಯಿ ಹಿಂದಕ್ಕಿಡು" ಎಂದೆ. ಇಟ್ಟ. ಮುಂದಿನ ಎಸೆತಕ್ಕೆ ಊರ ಹುಡುಗನಿಗೆ ಚೌಕ ಬಿದ್ದು, ಅವನ ಗಟ್ಟಿ ಎರಡು ಮನೆ ನಡೆದು ಇವನ ಗಟ್ಟಿಯನ್ನು ಹೊಡೆದುಹಾಕಿತು. ಎರಡು ಕಾಯಿಯೂ ಮೊದಲಿನ ಮನೆಗೆ. ಹುಡುಗರು ಕುಣಿದರು. ಅವನು ಅಳಲಿಲ್ಲ. ನನ್ನನ್ನು ನೋಡಿ, "ಆಟ ಸುರುವಾಗೋಕ್ ಮುಂಚೆ ಏಳ್ಬೇಕಿತ್ತು ಸಾ" ಎಂದಷ್ಟೇ ಹೇಳಿ ಎದ್ದು ಹೋದ.

ಅವನು ಮತ್ತೆ ಆ ಜಗಲಿಯಲ್ಲಿ ಆಡಲು ಕೂರಲಿಲ್ಲ. ವರ್ಷ ಮುಗಿಯುತ್ತಲೇ ತನ್ನ ಊರಿಗೆ ಹಿಂತಿರುಗಿದ. ಬಾಡಿಗೆಯ ಮನೆಯ ಮಗನೆಂದು ನಾನು ಆ ತೀರ್ಪು ಕೊಟ್ಟೆನೇ, ಅಥವಾ ಗದ್ದಲ ಬೇಗ ಅಡಗಲಿ ಎಂದೇ, ಅಥವಾ ಮಾಗಡಿಯ ಅಜ್ಜಿಯ ಮಾತೇ ಸರಿಯೆಂಬ ಹಟದಿಂದಲೇ ಎಂದು ಹಲವು ಸಲ ಕೇಳಿಕೊಂಡಿದ್ದೇನೆ. ಮೂರೂ ಸ್ವಲ್ಪ ಸ್ವಲ್ಪ ಇದ್ದಿರಬೇಕು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ; ಹೊಡೆದದ್ದುಂಟು, ಬೈದದ್ದುಂಟು, ಕೆಲವಕ್ಕೆ ನಂತರ ಕರೆದು ಸಮಾಧಾನ ಹೇಳಿದ್ದೂ ಉಂಟು. ಆ ಹುಡುಗನಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಹೇಳುವುದಕ್ಕಿದ್ದದ್ದು ಒಂದೇ ವಾಕ್ಯ.

ಅವನ ಮಾತಿನಲ್ಲಿದ್ದ ತೂಕ ನನಗೆ ಪೂರ್ತಿ ಅರ್ಥವಾದದ್ದು ಬಹಳ ಕಾಲದ ಮೇಲೆ, ಅದೂ ಒಂದು ವಿಚಿತ್ರ ಕಡೆಯಿಂದ. ಅಮೆರಿಕದಲ್ಲಿರುವ ನನ್ನ ತಂಗಿಯ ಮೊಮ್ಮಗ ರಾಮನಗರಕ್ಕೆ ಬಂದಿದ್ದಾಗ ಒಂದು ಪೆಟ್ಟಿಗೆಯ ತುಂಬ ಹೆಬ್ಬೆರಳಿನಷ್ಟೆತ್ತರದ ಸಿಪಾಯಿಗಳನ್ನು ತಂದಿದ್ದ. ಪ್ಲಾಸ್ಟಿಕ್ಕಿನವು; ಒಂದೊಂದಕ್ಕೂ ತಾನೇ ಕುಂಚ ಹಿಡಿದು ಬಣ್ಣ ಬಳಿದದ್ದು. 1987ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ವಾರ್‌ಹ್ಯಾಮರ್ 40,000 ಎಂಬ ಯುದ್ಧದ ಆಟವಂತೆ. ಮೇಜಿನ ಮೇಲೆ ಟೇಪು ಹಿಡಿದು ಅಂಗುಲ ಅಳೆದು ಸೈನ್ಯ ನಡೆಸುವುದು, ದಾಳ ಎಸೆದು ಗುಂಡು ಹಾರಿಸುವುದು. ಈ ಜಾತಿಯ ಆಟಗಳಿಗೆ ವಂಶಾವಳಿಯೂ ಉಂಟು. 1824ರಲ್ಲಿ ಪ್ರಷ್ಯದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆ ಇಂಥದೊಂದು ಆಟವನ್ನು ಸ್ವೀಕರಿಸಿತು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಮಕ್ಕಳ ತವರದ ಸಿಪಾಯಿಗಳಿಂದ ಆಡಲು 'ಲಿಟಲ್ ವಾರ್ಸ್' ಎಂಬ ನಿಯಮಪುಸ್ತಕವನ್ನೇ ಬರೆದ. ಹುಡುಗ ತನ್ನ ಪುಸ್ತಕ ತೆರೆದು ನನಗೆ ಪಾಠ ಹೇಳತೊಡಗಿದ. (ನಿವೃತ್ತ ಮೇಷ್ಟರಿಗೆ ಇಂಥ ಸುಖ ಅಪರೂಪ.)

ಅವನ ಬಳಿಯಿದ್ದದ್ದು 2009ರಲ್ಲಿ ಬಂದ ಪದಾತಿ ಸೈನ್ಯವೊಂದರ ನಿಯಮ. ಅದರಲ್ಲಿ ಒಂದೇ ಪ್ಲಟೂನಿಗೆ ಸೇರಿದ ಹತ್ತು ಹತ್ತು ಮಂದಿಯ ತುಕಡಿಗಳನ್ನು ಕೂಡಿಸಿ ಇಪ್ಪತ್ತು, ಮೂವತ್ತು ಮಂದಿಯ ಒಂದೇ ದೊಡ್ಡ ತುಕಡಿ ಮಾಡಬಹುದು. ಲಾಭವೇನೆಂದರೆ ದಂಡನಾಯಕನ ಒಂದೇ ಅಪ್ಪಣೆ ಎಲ್ಲರಿಗೂ ಮುಟ್ಟುತ್ತದೆ. ನಷ್ಟವೇನೆಂದರೆ ಎದೆಗುಂದಿದರೆ ಎಲ್ಲರೂ ಒಟ್ಟಿಗೆ ಓಡಿಹೋಗುತ್ತಾರೆ. ನಾನು ಥಟ್ಟನೆ ಕೇಳಿದೆ, "ನಡುವೆ ಒಡೆಯಬಹುದೇನಪ್ಪ?" ಅವನು ತಲೆ ಅಲ್ಲಾಡಿಸಿದ. "ಇಲ್ಲ ಅಜ್ಜ. ಸೈನ್ಯ ಹೂಡುವಾಗಲೇ ಎದುರಿನವನಿಗೆ ಹೇಳಿಬಿಡಬೇಕು, ಇದು ಇದು ಕೂಡಿದೆ ಅಂತ. ಆಮೇಲೆ ಕೊನೆವರೆಗೂ ಒಂದೇ." ನಮ್ಮ ಅಜ್ಜಿಯ ಮಾಗಡಿ ನಿಯಮ, ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಂದಿತ್ತು! ಆದರೆ ನನ್ನನ್ನು ತಟ್ಟಿದ್ದು ಅದಲ್ಲ, ಮೊದಲು ಹೇಳಿಬಿಡಬೇಕು ಎಂಬ ಮಾತು. 1976ರಲ್ಲಿ ಜಗಲಿಯ ಮೇಲೆ ಹನ್ನೊಂದು ವರ್ಷದ ಹುಡುಗ ಹೇಳಿದ್ದೂ ಅದೇ.

ಕೂಡುವ ನಿಯಮವೇ ಬೇಡದ ಆಟಗಳೂ ನಮ್ಮಲ್ಲಿವೆ. ಆಡುಹುಲಿಯಲ್ಲಿ ಮೂರು ಹುಲಿ, ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ಆಚೆಯ ಬರಿದಾದ ಜಾಗದಲ್ಲಿ ಇಳಿಯಬೇಕು. ಎರಡು ಆಡು ಒಂದರ ಹಿಂದೊಂದು ನಿಂತರೆ ಇಳಿಯಲು ಜಾಗವೇ ಇಲ್ಲ. ಯಾರೂ ನಿಯಮ ಬರೆಯದೆಯೇ ಅಲ್ಲಿ ಗಟ್ಟಿಯಾಯಿತು. ಚೌಕಾಬಾರದಲ್ಲಿ ಹಾಗಲ್ಲ. ಗಟ್ಟಿಯ ಬಲ, ಅದರ ನಿಧಾನ, ಅದರ ಬಿಡುಗಡೆ ಎಲ್ಲವೂ ಆಡುವವರ ಒಪ್ಪಿಗೆಯಿಂದ ಹುಟ್ಟಿದವು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎಷ್ಟೋ ಆಟಗಳನ್ನು 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ದಾಖಲು ಮಾಡಿಸಿದರು. ಅರಮನೆಯಲ್ಲಿ ಅದು ಸರಿಯೇ. ನಮ್ಮ ಜಗಲಿಗಳ ಆಟಕ್ಕೆ ಗ್ರಂಥವಿರಲಿಲ್ಲ. ಕೂರುವ ಮುಂಚೆ ಒಂದು ಮಾತುಕತೆ ಇತ್ತು. "ಒಡೆಯೋದು ಉಂಟಾ, ಇಲ್ವಾ? ದಾಟೋದು ಉಂಟಾ?" ಎರಡು ನಿಮಿಷದ ಮಾತು. ಹೊಸ ನೆಂಟರು ಬಂದಾಗ ಅಜ್ಜಿಯೂ ಕೇಳುತ್ತಿದ್ದಳು. ಬೀಗರ ಮನೆಯ ಪದ್ಧತಿ ಎಷ್ಟೋ ಸಲ ತಿಳಿಯುತ್ತಿದ್ದುದೇ ಹೀಗೆ. ಸೊಸೆಯನ್ನು ಮಾತ್ರ ಆಕೆ ಕೇಳಲಿಲ್ಲ, ಆ ಮಾತು ಬೇರೆ.

ಇಂದು ಮಕ್ಕಳು ಫೋನಿನಲ್ಲಿ ಲೂಡೋ ಆಡುತ್ತಾರೆ. ನಮ್ಮ ಪಚ್ಚೀಸಿಯ ಮನೆಯವನೇ ಆದ ಲೂಡೋ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ಹಿಂತಿರುಗಿ ಬಂದ ಆಟ; 2020ರ ಲಾಕ್‌ಡೌನಿನಲ್ಲಿ ಮನೆಮನೆಯನ್ನೂ ಹೊಕ್ಕಿತು. ನಾನೂ ಮೊಮ್ಮಕ್ಕಳೊಡನೆ ಆಡಿ ಸೋತಿದ್ದೇನೆ, ಆಕ್ಷೇಪವೇನಿಲ್ಲ. ಒಂದು ಮಾತ್ರ ಕೊರತೆ. ಯಂತ್ರ ಯಾರನ್ನೂ ಕೇಳುವುದಿಲ್ಲ. ತಪ್ಪು ನಡೆ ಇಡಲು ಹೋದರೆ ಕಾಯಿ ಅಲುಗುವುದಿಲ್ಲ, ಅಷ್ಟೆ. ನಿಯಮವೆಂಬುದನ್ನು ಎದುರು ಕೂತವನೊಡನೆ ಮಾತನಾಡಿ ಮಾಡಿಕೊಳ್ಳಬಹುದು ಎಂಬ ಸಂಗತಿ ಅಲ್ಲಿ ಮಗುವಿಗೆ ತಿಳಿಯುವ ದಾರಿಯೇ ಇಲ್ಲ.

ಆದ್ದರಿಂದ, ಅಪ್ಪಾ, ನಿನ್ನ ಹಾಳೆಯ ವಿಷಯಕ್ಕೆ ಬರುತ್ತೇನೆ. ಗಟ್ಟಿಯನ್ನು ತೆಗೆದುಹಾಕಿದರೆ ಜಗಳ ನಿಲ್ಲುತ್ತದೆ, ನಿಜ. ಆಗ ಒಳಸುತ್ತು ಬರಿಯ ಓಟವಾಗುತ್ತದೆ. ಯಾರಿಗೆ ದೊಡ್ಡ ಗರ ಬಿತ್ತೋ ಅವನೇ ಗೆದ್ದ. ಯೋಚಿಸಲು ಮಗುವಿಗೆ ಉಳಿಯುವುದೇನು? ಪಂದ್ಯವೆಂದ ಮೇಲೆ ಎಲ್ಲರಿಗೂ ಒಂದೇ ನಿಯಮ ಬೇಕೆಂಬ ನಿನ್ನ ಮಾತನ್ನು ಒಪ್ಪುತ್ತೇನೆ. ಯಾವ ನಿಯಮವೆಂದು ಕೇಳಿದರೆ ನಾನು ಈಗ ನನ್ನ ತಾಯಿಯ ತವರಿನ ಕಡೆಗೆ ನಿಲ್ಲುತ್ತೇನೆ. ಅರ್ಧ ನಡೆಯಿರಲಿ. ಗಟ್ಟಿಯನ್ನು ಗಟ್ಟಿಯೇ ಹೊಡೆಯಲಿ, ಹೊಡೆದರೆ ಎರಡು ಕಾಯಿಯೂ ಮನೆಗೆ ಹೋಗಲಿ. ಆದರೆ ಒಂದು, ಮೂರು ಬಿದ್ದಾಗ ಒಡೆಯುವ ಅವಕಾಶ ಇರಲಿ. ಒಡೆದವನು ಒಂಟಿಯಾಗುವ ಅಪಾಯವನ್ನು ಹೊರುತ್ತಾನೆ, ಅದೇ ಸಾಕಾದ ದಂಡ. ಒಡೆದ ಸರದಿಯಲ್ಲಿಯೇ ಮತ್ತೆ ಕೂಡಿಸುವಂತಿಲ್ಲ ಎಂದು ಬರೆ, ಇಲ್ಲದಿದ್ದರೆ ಜಾಣರು ಚೌಕ ಬಾರದ ಮರು ಎಸೆತದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾರೆ. ದಾಟುವುದಕ್ಕೂ ಅನುಮತಿ ಕೊಡು. ಮಾಗಡಿಯಂತೆ ದಾಟುವುದನ್ನು ನಿಷೇಧಿಸಿದರೆ ಎಂಟೇ ಮನೆಯ ಒಳಸುತ್ತಿನಲ್ಲಿ ಎರಡು ಗಟ್ಟಿ ಕೂತ ಕೂಡಲೇ ಆಟ ನಿಂತುಹೋಗುತ್ತದೆ, ನಿನ್ನ ಮಕ್ಕಳು ಊಟದ ಗಂಟೆಯಾದರೂ ಏಳುವುದಿಲ್ಲ. ನಮ್ಮ ಅಜ್ಜಿಗೆ ಮಧ್ಯಾಹ್ನವೆಲ್ಲ ಬಿಡುವಿತ್ತು, ಶಾಲೆಗಿಲ್ಲ.

ಇಷ್ಟನ್ನು ಹಾಳೆಯಲ್ಲಿ ಬರೆದ ಮೇಲೂ ಒಂದು ಕೆಲಸ ಮಾಡು. ಪಂದ್ಯದ ದಿನ ಕವಡೆ ಕೈಗೆ ಕೊಡುವ ಮುಂಚೆ ಗಟ್ಟಿಯ ನಿಯಮವನ್ನು ಗಟ್ಟಿಯಾಗಿ ಓದು. "ನಿಮ್ಮ ಮನೆಯಲ್ಲಿ ಬೇರೆ ಥರ ಇದೆಯಾ?" ಎಂದು ಪ್ರತಿಯೊಬ್ಬರನ್ನೂ ಕೇಳು. ಇದ್ದರೆ ಹೇಳಲಿ, ಎಲ್ಲರೂ ಕೇಳಲಿ. ಇವತ್ತಿಗೆ ಈ ನಿಯಮ, ನಿಮ್ಮ ಮನೆಯದು ತಪ್ಪಲ್ಲ ಎಂದು ಹೇಳು. ಹಿಂದಿನ ಬೆಂಚಿನಲ್ಲಿ ಮಾತು ಕಡಿಮೆಯಿರುವ ಹುಡುಗನೊಬ್ಬ ಇದ್ದೇ ಇರುತ್ತಾನೆ; ಅವನನ್ನು ಎರಡು ಸಲ ಕೇಳು.

ಕವಡೆ ಸಾಲದೆಂದು ಹೇಳಿದೆಯಲ್ಲ, ನನ್ನ ಬಳಿ ಮೂರು ಜೊತೆ ಇದೆ. ಅರಗಿನ ಕಾಯಿ ಒಂದು ಡಬ್ಬಿಯಿದೆ, ನಮ್ಮ ತಾಯಿ ತವರಿನಿಂದ ತಂದದ್ದು; ಹಸಿರಿನಲ್ಲಿ ಒಂದು ಕಾಯಿ ಕಳೆದಿದೆ, ಅದರ ಬದಲು ಹುಣಸೆ ಬೀಜ ಇಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗು, ಹಾಳೆಯನ್ನೂ ತಾ.